ಗುಡ್ಡದ ಬುಡಕ್ಕೆ ಸುರಿದದ್ದು

ಕೆಂಗುಡ್ಡಾಪುರ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾದ ಮೇಲೆ ಸುಮಲತಾ ಮೊದಲು ಸಹಿ ಹಾಕಿದ್ದೇ ಕಸದ ಠರಾವಿಗೆ. ಕೂಡ್ಲಿಗಿ ತಾಲೂಕಿನ ಊರುಗಳೆಲ್ಲ ಹಸಿಕಸ, ಒಣಕಸ ಬೇರೆ ಮಾಡಿ ಒಂದೇ ಕಡೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಹಸಿರು ಬಣ್ಣದ ಹೊಸ ಗಾಡಿ ಪಂಚಾಯಿತಿ ಕಟ್ಟೆಯ ಮುಂದೆ ಬಂದು ನಿಂತಾಗಿತ್ತು. ಬೇಕಿದ್ದದ್ದು ಜಾಗ ಮಾತ್ರ. ಸಂತೆ ಬಯಲಿನ ಹಿಂದೆ ಎಂದರೆ ಆ ವಾರ್ಡಿನ ಸದಸ್ಯರು ಎದ್ದು ನಿಂತರು. ಕೆರೆಕೋಡಿಯ ಕಡೆ ಎಂದರೆ ಅಲ್ಲಿನ ಹೊಲದವರು ಜಗಳಕ್ಕೆ ಬಂದರು. ಊರ ಪಡುವಣ ತುದಿಗೆ, ಕುರಿಗಾರರ ಹಟ್ಟಿಯನ್ನೂ ದಾಟಿ, ಕೆಂಗುಡ್ಡದ ಬುಡದಲ್ಲಿ ಸರಕಾರಿ ಜಾಗ ಒಂದಿತ್ತು. ಅದರ ಹೆಸರು ಬಂದಾಗ ಮಾತ್ರ ಯಾರೂ ಏಳಲಿಲ್ಲ.

ಹಟ್ಟಿಯ ಸದಸ್ಯೆ ಗಾದೆಮ್ಮ ಒಬ್ಬಳು, ಸುತ್ತ ಗೋಡೆ ಕಟ್ಟುತ್ತೀರೋ ಇಲ್ಲವೋ ಎಂದು ಕೇಳಿದಳು. ಅಭಿವೃದ್ಧಿ ಅಧಿಕಾರಿ ನಕ್ಷೆ ಬಿಚ್ಚಿ ತೋರಿಸಿದ. ಆಳೆತ್ತರದ ಗೋಡೆ, ಕಬ್ಬಿಣದ ಗೇಟು, ಮೇಲೆ ತಗಡಿನ ಸೂರು, ಹಟ್ಟಿಯ ದಾರಿಗುಂಟ ದೀಪ. ಎಲ್ಲವೂ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಗಾದೆಮ್ಮ ಹಾಗಾದರೆ ಸರಿ ಎಂದಳು. ನಲವತ್ತೈದರ ಆಚೀಚಿನ, ಹೆಚ್ಚು ಮಾತಿಲ್ಲದ ಹೆಣ್ಣುಮಗಳು ಅವಳು. ಗಂಡ ಜಂಬಯ್ಯ ಕುರಿ ಕಾಯುತ್ತಿದ್ದ.

ದಸರೆ ಮುಗಿದ ಮೇಲೆ ಕಸ ಹೋಗಲು ಶುರುವಾಯಿತು. ಸೂರು ಎದ್ದಿತು. ಗೋಡೆ ಮಾತ್ರ ಏಳಲಿಲ್ಲ. ಈ ಕಂತಿನಲ್ಲಿ ಇಷ್ಟೇ ಆಗುವುದು, ಗೋಡೆ ಮುಂದಿನ ಕ್ರಿಯಾಯೋಜನೆಗೆ ಎಂದು ಅಧಿಕಾರಿ ಹೇಳಿದ. ಸುಮಲತಾ ಹೂಂ ಎಂದಳು. ಅಧ್ಯಕ್ಷೆಯಾಗಿ ಅವಳಿಗಿನ್ನೂ ಆರು ತಿಂಗಳು ತುಂಬಿರಲಿಲ್ಲ. ಗಂಡ ಪ್ರವೀಣಕುಮಾರನದು ಬೀಜ ಗೊಬ್ಬರದ ಅಂಗಡಿ. ಡಿಗ್ರಿ ಮುಗಿಸಿ ಬಂದವಳು ಆ ಅಂಗಡಿಯ ಗಲ್ಲೆಯ ಮೇಲೆ ಹದಿನೈದು ವರ್ಷ ಕೂತು, ಸೀಟು ಮಹಿಳೆಗೆ ಮೀಸಲಾಗಿದ್ದರಿಂದ ಪಂಚಾಯಿತಿಯ ಕುರ್ಚಿಗೆ ಬಂದಿದ್ದಳು. ಆ ಕುರ್ಚಿ ನಿಂತಿದ್ದದ್ದು ಗುರುಬಸವರಾಜನ ಕೈಮೇಲೆ. ಮೂರು ಬಾರಿ ಗೆದ್ದ ಸದಸ್ಯ ಅವನು. ಅರ್ಧಕ್ಕಿಂತ ಹೆಚ್ಚು ಸದಸ್ಯರು ಅವನು ಕೈ ಎತ್ತಿದರೆ ಎತ್ತುವವರು. ಕೊಟ್ಟೂರು ರಸ್ತೆಯಲ್ಲಿ ಅವನದೊಂದು ಕಲ್ಯಾಣ ಮಂಟಪವಿತ್ತು. ಉಜ್ಜಿನಿ, ಕೊಟ್ಟೂರಿನ ಕಡೆಯಿಂದಲೂ ಅಲ್ಲಿಗೆ ಮದುವೆಗಳು ಬರುತ್ತಿದ್ದವು.

ಮಂಟಪದಲ್ಲಿ ಉಳಿದ ಅನ್ನ, ಹೋಳಿಗೆ, ಲಾಡು, ಪಾಯಸ, ಕೊಳೆತ ಬಾಳೆಗೊನೆ ಎಲ್ಲವನ್ನೂ ಮೊದಲು ಅವನೇ ಆಳು ಇಟ್ಟು ದೂರದ ಹೊಲದ ಗುಂಡಿಗೆ ಸಾಗಿಸುತ್ತಿದ್ದ. ಈಗ ಪಂಚಾಯಿತಿ ಗಾಡಿ ಬಾಗಿಲಿಗೇ ಬರುತ್ತಿತ್ತು. ಗಾಡಿ ಓಡಿಸುತ್ತಿದ್ದ ತಿಪ್ಪೇರುದ್ರಮ್ಮ ಕಾರ್ತಿಕದ ಮದುವೆಗಳು ಮುಗಿಯುವ ಹೊತ್ತಿಗೆ ಸುಮಲತಾಳ ಬಳಿ ಬಂದು, ಇನ್ನು ಮುಂದೆ ಸಂಜೆಯ ಟ್ರಿಪ್ ಹೋಗುವುದಿಲ್ಲ ಎಂದಳು. ಕಾರಣ ಕೇಳಿದರೆ, ಗುಡ್ಡದ ಕಡೆಯಿಂದ ಯಾರೋ ತನ್ನನ್ನು ಕಾಯುತ್ತಾ ಕೂತಂತೆ ಅನಿಸುತ್ತದೆ ಎಂದಳು. ಸುಮಲತಾ ನಕ್ಕು, ಬೆಳಿಗ್ಗೆಯೇ ಎರಡು ಟ್ರಿಪ್ ಮಾಡು ಎಂದು ಕಳಿಸಿದಳು.

ಸಂಕ್ರಾಂತಿಯ ಹೊತ್ತಿಗೆ ಕಾಯುತ್ತಿದ್ದವರು ಯಾರೆಂದು ಎಲ್ಲರಿಗೂ ತಿಳಿಯಿತು. ಆ ಸೀಮೆಯ ಗುಡ್ಡಗಳಲ್ಲಿ ಕರಡಿ ಇರುವುದು ಹೊಸ ಸಂಗತಿಯಲ್ಲ. ಗೆದ್ದಲು ಬಗೆದು, ಕಾರೆ ಕವಳಿ ಹಣ್ಣು ತಿಂದು, ಮನುಷ್ಯರ ಸದ್ದು ಕೇಳಿದರೆ ಬಂಡೆಯ ಸಂದಿಗೆ ಸರಿಯುವ ಪ್ರಾಣಿಗಳು. ಹಟ್ಟಿಯವರು ಅವುಗಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗುಡ್ಡದವರು ಎನ್ನುತ್ತಿದ್ದರು. ಈಗ ಗುಡ್ಡದವರು ಹೊತ್ತು ಇಳಿಯುವ ಮುಂಚೆಯೇ ಕಸದ ಸೂರಿನ ಕೆಳಗೆ ಬಂದು ಕೂರಲು ಶುರುಮಾಡಿದ್ದರು.

ಗಾದೆಮ್ಮ ಸಭೆಯಲ್ಲಿ ಎರಡು ಸಲ ಈ ಮಾತು ಎತ್ತಿದಳು. ಮೊದಲನೇ ಸಲ ಅದು ಇತರೆ ವಿಷಯಗಳ ಕೊನೆಗೆ ಬಂತು, ಅಷ್ಟರಲ್ಲಿ ಅರ್ಧ ಜನ ಚಹಾಕ್ಕೆ ಎದ್ದಿದ್ದರು. ಎರಡನೇ ಸಲ ಸುಮಲತಾಳೇ ಅದನ್ನು ಮುಂದಕ್ಕೆ ತಂದಳು. ಆದರೆ ಆ ದಿನ ಗುರುಬಸವರಾಜ ಸ್ವಾಗತ ಕಮಾನಿನ ಚಿತ್ರ ಹಿಡಿದುಕೊಂಡು ಬಂದಿದ್ದ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಕಲ್ಲಿನ ಕಮಾನು, ಎರಡೂ ಬದಿಗೆ ಆನೆ, ಮೇಲೆ ಝಗಮಗ ದೀಪ. ಇಡೀ ತಾಲೂಕಿನಲ್ಲಿ ಇಂಥದ್ದಿಲ್ಲ, ಉದ್ಘಾಟನೆಗೆ ದೊಡ್ಡವರನ್ನು ಕರೆಸುತ್ತೇನೆ, ಅವರು ಬಂದರೆ ಊರಿಗೆ ರಸ್ತೆಯೂ ಬರುತ್ತದೆ, ಕಾಲೇಜೂ ಬರುತ್ತದೆ ಎಂದ. ಈ ವರ್ಷ ಉಳಿದ ಅನುದಾನದಲ್ಲಿ ಕಮಾನು ಇಲ್ಲವೇ ಗೋಡೆ, ಎರಡರಲ್ಲಿ ಒಂದೇ ಆಗುವುದೆಂದು ಅಧಿಕಾರಿ ಹೇಳಿದ. ತೀರ್ಮಾನವನ್ನು ಮುಂದಿನ ವಾರಕ್ಕೆ ಹಾಕಿ ಸುಮಲತಾ ಎದ್ದಳು.

ಹೊರಗೆ ಗಾದೆಮ್ಮ ಕಾದು ನಿಂತಿದ್ದಳು. ಒಂದು ಸಂಜೆ ಹಟ್ಟಿಗೆ ಬಂದು ನೋಡಬೇಕು, ನೋಡಿದ ಮೇಲೆ ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ ಎಂದಳು. ಇಲ್ಲ ಎನ್ನಲು ಸುಮಲತಾಳಿಗೆ ಬಾಯಿ ಬರಲಿಲ್ಲ.

ಸುಮಲತಾಳ ಮನೆ ಓಣಿಯ ಕೊನೆಯದು, ಅಲ್ಲಿಂದ ಹಟ್ಟಿಗೆ ಒಂದು ಕೂಗಳತೆ. ಆದರೂ ಚುನಾವಣೆಯ ದಿನಗಳನ್ನು ಬಿಟ್ಟರೆ ಅವಳು ಆ ಕಡೆ ಹೋದವಳಲ್ಲ. ಆ ಸಂಜೆ ಹೋದಾಗ ಹಟ್ಟಿಯಲ್ಲಿ ಬಾಗಿಲುಗಳು ಆಗಲೇ ಮುಚ್ಚಿದ್ದವು. ಒಳಗಿನಿಂದ ಮಕ್ಕಳ ಸದ್ದು ಬರುತ್ತಿತ್ತು, ಹೊರಗೆ ಒಂದು ಮಗುವೂ ಇರಲಿಲ್ಲ. ಮೈಲಾರಲಿಂಗನ ಗುಡಿಯ ಕಟ್ಟೆಯ ಮೇಲೆ ಜಂಬಯ್ಯ ಕೊಡಲಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಇವಳನ್ನು ಕಂಡು ಎದ್ದು ಕೈಮುಗಿದು, ಗಾಳಿ ಈ ಕಡೆಗಿದೆ, ಮಾತಾಡದೆ ಹೋಗಿ ಎಂದಷ್ಟೇ ಹೇಳಿದ.

ಕುರಿದೊಡ್ಡಿಯ ಬೇಲಿಯ ಮರೆಯಲ್ಲಿ ಗಾದೆಮ್ಮ ಅವಳನ್ನು ನಿಲ್ಲಿಸಿದಳು. ಹೊತ್ತು ಗುಡ್ಡದ ಹಿಂದಕ್ಕೆ ಸರಿದಿತ್ತು, ಬೆಳಕಿನ್ನೂ ಇತ್ತು. ಹುಳಿ ಹೊಡೆದ ಪಾಯಸದ ವಾಸನೆ ಗಂಟಲಿಗೆ ಬಂದು ಕೂರುತ್ತಿತ್ತು. ಸೂರಿನ ಕೆಳಗೆ ಕಪ್ಪಗೆ ಏನೋ ರಾಶಿ ಬಿದ್ದಂತೆ ಕಂಡಿತು. ಆ ರಾಶಿ ಅಲುಗಿತು. ತಾಯಿ ಕರಡಿ ಹಿಂಗಾಲಿನ ಮೇಲೆ ಕೂತು, ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಮನುಷ್ಯರ ಹಾಗೆ ಒಳಕ್ಕೆ ಮೋರೆ ಇಟ್ಟು ತಿನ್ನುತ್ತಿತ್ತು. ಎರಡು ಮರಿಗಳು ಒಂದರ ಮೇಲೊಂದು ಬಿದ್ದು ಬಾಳೆಗೊನೆ ಎಳೆದಾಡುತ್ತಿದ್ದವು. ಆಚೆ ಬಂಡೆಯ ಮೇಲೆ ಇನ್ನೂ ಎರಡು ತಮ್ಮ ಸರದಿಗೆ ಕಾಯುತ್ತಿದ್ದವು. ಉಸಿರಿನ ಜೊತೆ ಬರುವ ಗೊರಗೊರ ಸದ್ದು ಬೇಲಿಯವರೆಗೂ ಕೇಳುತ್ತಿತ್ತು.

ಸುಮಲತಾಳ ಕಾಲಡಿಯಲ್ಲಿ ಒಣ ಕಡ್ಡಿಯೊಂದು ಮುರಿಯಿತು. ತಾಯಿ ಕರಡಿ ಮೋರೆ ಎತ್ತಿ ಬೇಲಿಯತ್ತ ಒಮ್ಮೆ ಮೂಸಿತು. ಮತ್ತೆ ಚೀಲಕ್ಕೆ ಬಾಯಿ ಹಾಕಿತು.

ಗಾದೆಮ್ಮ ಅವಳ ಕಿವಿಯ ಹತ್ತಿರ ಬಂದಳು. "ಮೊದ್ಲು ನಮ್ಮ ಸಪ್ಪಳ ಕೇಳಿದ್ರ ಗುಡ್ಡ ಏರಿಬಿಡ್ತಿದ್ವು. ಈಗ ನೋಡ್ರಿ, ನಾವು ಇಲ್ಲಿ ಅದೀವಿ ಅಂತ ಅದಕ್ಕ ಗೊತ್ತೈತಿ, ಓಡಲಿಲ್ಲ. ನನಗ ಹೆದರಿಕಿ ಅದರದು."

ಸುಮಲತಾ ಮನೆಗೆ ಬಂದವಳು ಊಟ ಬಿಟ್ಟಳು. ಮರುದಿನ ಅರಣ್ಯ ಇಲಾಖೆಯ ಪಾಲಣ್ಣನನ್ನು ಕರೆಸಿದಳು. ವಯಸ್ಸಾದ ಫಾರೆಸ್ಟರ್, ಮಾತಿನ ಮನುಷ್ಯ. ಈ ಮದುವೆಯ ಊಟ ಅಲ್ಲಿಗೆ ಬೀಳುವುದನ್ನು ಈಗಲೇ ಸ್ವಲ್ಪ ಸ್ವಲ್ಪವಾಗಿ ತಪ್ಪಿಸಿ, ಗೋಡೆ ಕಟ್ಟಿ, ದೀಪ ಹಾಕಿ, ಗುಡ್ಡದಲ್ಲಿ ಇನ್ನೂ ಹಸಿರಿದೆ, ತಾವಾಗಿ ಮೇಲಕ್ಕೆ ಹೋಗುತ್ತವೆ ಎಂದ. ಬೇಸಿಗೆ ಬಂದರೆ ಆಗುವುದಿಲ್ಲ ಎಂದೂ ಹೇಳಿದ.

ಸಂಜೆ ಗುರುಬಸವರಾಜನೇ ಅವಳ ಮನೆಗೆ ಬಂದ. ಸುಮಲತಾ ತಾನು ಕಂಡದ್ದನ್ನು ಹೇಳಿದಳು. ಅವನು ಕೊನೆಯವರೆಗೂ ಸಮಾಧಾನದಿಂದ ಕೇಳಿದ. ಕಪ್ಪಿನಲ್ಲಿದ್ದ ಚಹಾ ಮುಗಿಸಿ ಕೆಳಗಿಟ್ಟ. "ತಂಗಿ, ಗ್ವಾಡಿ ಬ್ಯಾಡ ಅನ್ನಲಿಲ್ಲ ನಾನು. ಮುಂದಿನ ವರ್ಷ ಕಟ್ಟೋಣು. ಕಮಾನಿಗೆ ಮಾತ ಕೊಟ್ಟೀನಿ, ನನ್ನ ಜನಕ್ಕ ನಾ ಏನು ಹೇಳ್ಲಿ? ನಾಳೆ ಅವ್ರು ನಿನ್ನ ಮ್ಯಾಲೆ ಅವಿಶ್ವಾಸ ಅಂದ್ರ ನನ್ನ ಕೈಯಾಗ ಇರಂಗಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೋದ ಮೇಲೆ ಪ್ರವೀಣಕುಮಾರ ಬಾಗಿಲು ಹಾಕಿ ಬಂದು, ಗುರುಬಸವಣ್ಣನನ್ನು ಎದುರು ಹಾಕಿಕೊಂಡು ಈ ಊರಲ್ಲಿ ಅಂಗಡಿ ನಡೆಸಲಾಗುವುದಿಲ್ಲ ಎಂದ. ಒಂದು ವರ್ಷದ ಮಾತು, ಕರಡಿ ಇಷ್ಟು ದಿನ ಯಾರಿಗೇನು ಮಾಡಿದೆ ಎಂದ. ಒಳಕೋಣೆಯಲ್ಲಿ ಪಿಯುಸಿ ಓದುವ ಮಗಳು ಅರ್ಚನಾ ಪುಸ್ತಕ ಮಡಚಿ ಕಿವಿಗೊಟ್ಟಿದ್ದಳು. ಮುಂದಿನ ವಾರ ಸಭೆಯಲ್ಲಿ ಕಮಾನಿಗೆ ಕೈ ಎತ್ತಿದವರ ಸಾಲಿನಲ್ಲಿ ಸುಮಲತಾಳ ಕೈಯೂ ಇತ್ತು. ಗಾದೆಮ್ಮ ಎದುರಿಗೇ ಕೂತಿದ್ದಳು. ಎತ್ತಿದ ಕೈಯನ್ನು ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಮಾಘ, ಫಾಲ್ಗುಣದಲ್ಲಿ ಮದುವೆಗಳು ಜೋರಾದವು. ಕಮಾನೂ ಎದ್ದಿತು. ಉದ್ಘಾಟನೆಗೆ ದೊಡ್ಡವರು ಬಂದರು, ಫೋಟೋದಲ್ಲಿ ಸುಮಲತಾ ರೇಷ್ಮೆ ಸೀರೆ ಉಟ್ಟು ಕತ್ತರಿಯ ತಟ್ಟೆ ಹಿಡಿದು ನಿಂತಳು. ಆ ದಿನದ ಊಟದ ಎಂಜಲೂ ಗುಡ್ಡದ ಬುಡಕ್ಕೇ ಹೋಯಿತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಂಬಯ್ಯ ಕುರಿ ಬಿಡಲು ದೊಡ್ಡಿಗೆ ಹೋದ. ಬೇಲಿಯ ಒಳಗೆ ಮರಿ ಕರಡಿಯೊಂದು ನುಗ್ಗಿ ಹೊರಬರಲು ದಾರಿ ಕಾಣದೆ ಕುಂಯ್ಗುಡುತ್ತಿತ್ತು. ಅವನಿಗದು ಕುರಿಮರಿಯ ಸದ್ದಿನಂತೆ ಕೇಳಿಸಿರಬೇಕು. ಬಾಗಿ ಒಳಗೆ ನೋಡಿದ್ದಾನೆ. ತಾಯಿ ಹಿಂದಿನಿಂದ ಬಂತು. ಹಟ್ಟಿಯವರು ಕೂಗುತ್ತ ಓಡಿ ಬರುವಷ್ಟರಲ್ಲಿ ಅದು ಮರಿಯನ್ನು ಕರೆದುಕೊಂಡು, ಅವಸರವೇ ಇಲ್ಲದೆ, ಗುಡ್ಡದ ಕಡೆ ನಡೆದಿತ್ತು. ಜಂಬಯ್ಯನ ಮುಖದ ಎಡಭಾಗ ಉಳಿದಿರಲಿಲ್ಲ.

ಕೂಡ್ಲಿಗಿಯಲ್ಲಿ ರಕ್ತ ನಿಲ್ಲಿಸಿ ಬಳ್ಳಾರಿಗೆ ಕಳಿಸಿದರು. ಸುಮಲತಾ ಮಧ್ಯಾಹ್ನಕ್ಕೇ ಬಳ್ಳಾರಿ ತಲುಪಿದಳು. ಜೀವ ಉಳಿಯುತ್ತದೆ, ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ಓಣಿಯಂಥ ಪಡಸಾಲೆಯಲ್ಲಿ ಗಾದೆಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಸೀರೆಯ ಸೆರಗಿನಲ್ಲಿ ರಕ್ತ ಒಣಗಿ ಗಟ್ಟಿಯಾಗಿತ್ತು. ಸುಮಲತಾ ಪಕ್ಕದಲ್ಲಿ ಕೂತು, ಪರಿಹಾರ ಬರುತ್ತದೆ, ನಾನೇ ಓಡಾಡಿ ಕೊಡಿಸುತ್ತೇನೆ, ಇಂದೇ ಆ ಜಾಗ ಮುಚ್ಚಿಸುತ್ತೇನೆ ಎಂದು ಒಂದೇ ಸಮನೆ ಮಾತಾಡಿದಳು. ಮಾತು ತಾನಾಗಿ ಮುಗಿದ ಮೇಲೆ ಗಾದೆಮ್ಮ ಮೆಲ್ಲಗೆ ಹೇಳಿದಳು.

"ನೀವು ನೋಡಿದ್ರಿ. ಬ್ಯಾರೆದವ್ರು ಯಾರೂ ನೋಡಿರಲಿಲ್ಲ. ನಿಮ್ಮನ್ನ ನಾನ ಕರ್ಕೊಂಡು ಹೋಗಿ ತೋರಿಸಿದ್ನಿ."

ಬಸ್ಸಿನಲ್ಲಿ ವಾಪಸು ಬರುವಾಗ ಸುಮಲತಾಳಿಗೆ ಕಿಟಕಿಯ ಹೊರಗೆ ಏನು ಹೋಯಿತೆಂದು ಗೊತ್ತಾಗಲಿಲ್ಲ. ಊರಿಗೆ ಇಳಿದವಳು ಮನೆಗೂ ಹೋಗದೆ ಜೆಸಿಬಿ ತರಿಸಿದಳು. ಗುರುಬಸವರಾಜ ಈ ಸಲ ಒಂದು ಮಾತೂ ಎದುರಾಡಲಿಲ್ಲ. ತಾನೇ ಮುಂದೆ ನಿಂತು ಕಸವನ್ನೆಲ್ಲ ಹೂಳಿಸಿ ಮೇಲೆ ಸುಣ್ಣ ಸುರಿಸಿದ. ನಾಳೆಯಿಂದ ಮಂಟಪದ ಎಂಜಲು ಹಗರಿಬೊಮ್ಮನಹಳ್ಳಿಯ ಕಡೆಯ ಹಂದಿ ಸಾಕುವವರಿಗೆ ಹೋಗುತ್ತದೆ ಎಂದ. ಅಷ್ಟು ಸುಲಭದ ಕೆಲಸ ಅದು ಎಂದು ಸುಮಲತಾಳಿಗೆ ಆಗ ತಿಳಿಯಿತು.

ಪಾಲಣ್ಣ ಓಡಿ ಬರುವ ಹೊತ್ತಿಗೆ ಅರ್ಧ ಮುಚ್ಚಿತ್ತು. ಅವನು ಅವಳನ್ನು ಜನರಿಂದ ದೂರ ಕರೆದ. "ಮೇಡಂ, ಒಮ್ಮಿಗೇ ಮುಚ್ಚಬ್ಯಾಡ್ರಿ. ಬ್ಯಾಸಿಗಿ ಐತಿ, ಈ ವರ್ಷ ಕವಳಿ ಹಣ್ಣು ಸುದ್ದಾ ಬಿಟ್ಟಿಲ್ಲ. ಐದು ತಿಂಗ್ಳು ಕೂತು ಉಂಡಾವು. ಇಲ್ಲಿ ಸಿಗ್ಲಿಲ್ಲ ಅಂದ್ರ ಗುಡ್ಡಕ್ಕ ತಿರುಗಂಗಿಲ್ಲ, ಕೆಳಗ ಬರ್ತಾವು. ಮೊದ್ಲು ಹಟ್ಟಿಗೆ ದೀಪ ಹಾಕ್ರಿ, ಬಾಗ್ಲ ಗಟ್ಟಿ ಮಾಡಿಸ್ರಿ."

ಸುಮಲತಾ ಅವನ ಮುಖ ನೋಡಲಿಲ್ಲ. ಪಡಸಾಲೆಯ ನೆಲದ ಮೇಲೆ ಕೇಳಿದ ದನಿ ಇನ್ನೂ ಕಿವಿಯಲ್ಲಿತ್ತು. ಮುಚ್ಚಿರಿ ಎಂದಳು.

ಒಂದು ವಾರ ಏನೂ ಆಗಲಿಲ್ಲ. ಕರಡಿಗಳು ಬಂದು, ಸುಣ್ಣದ ನೆಲವನ್ನು ಮೂಸಿ, ಕೆರೆದು, ಹೋದ ಗುರುತು ಮಾತ್ರ ಕಂಡಿತು. ದಿನದಿನಕ್ಕೆ ಕೆರೆದ ಗುಂಡಿಗಳು ಆಳವಾದವು. ಆಮೇಲೆ ಗುಂಡಿ ಕೆರೆಯುವುದೂ ನಿಂತಿತು. ಹಾಗೆ ನಿಂತ ಬೆಳಿಗ್ಗೆಯೇ ಮೈಲಾರಲಿಂಗನ ಗುಡಿಯ ಬಾಗಿಲು ಕಿತ್ತು ಬಿದ್ದಿತ್ತು, ದೀಪದ ಎಣ್ಣೆಯ ಡಬ್ಬಿಯನ್ನು ನೆಕ್ಕಿ ಒಣಗಿಸಿದ್ದವು. ಎರಡು ದಿನ ಬಿಟ್ಟು ಹಟ್ಟಿಯ ಮುದುಕ ಬೊಮ್ಮಯ್ಯನ ಅಡಿಗೆಮನೆಯ ಗೋಡೆ ಒಡೆದು ಬೆಲ್ಲದ ಗಡಿಗೆ ಹೊತ್ತೊಯ್ದವು. ಗೋಡೆಯ ಈಚೆ ಮೊಮ್ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದ ಮುದುಕ ಎದ್ದು ಕೂಗಲೂ ಆಗದೆ, ಮಗುವಿನ ಬಾಯಿಯ ಮೇಲೆ ಕೈ ಇಟ್ಟುಕೊಂಡು ಬೆಳಗು ಮಾಡಿದ್ದ. ಅಂಗನವಾಡಿಯ ಉಗ್ರಾಣಕ್ಕೆ ನುಗ್ಗಿದ ದಿನ ಸುಮಲತಾಳೇ ಹೋಗಿ ನೋಡಿದಳು. ಬೇಳೆ, ಹಾಲಿನ ಪುಡಿ ನೆಲದ ತುಂಬ ಚೆಲ್ಲಿತ್ತು. ಮಕ್ಕಳ ಎತ್ತರಕ್ಕೆ ಬರೆದ ಅಕ್ಷರಮಾಲೆಯ ಮೇಲೆ ಉದ್ದಕ್ಕೆ ಉಗುರು ಗೀರಿದ ಗೆರೆಗಳಿದ್ದವು. ಅವಳು ಅಂಗನವಾಡಿಗೆ ಬೀಗ ಹಾಕಿಸಿದಳು.

ಪಾಲಣ್ಣ ಬೋನು ತಂದಿಟ್ಟ. ಒಂದು ಮುದಿ ಗಂಡು ಬಿತ್ತು, ತಾಯಿ ಹತ್ತಿರ ಸುಳಿಯಲಿಲ್ಲ. ಹಟ್ಟಿಯ ದೀಪಕ್ಕೆಂದು ಸುಮಲತಾ ಹಟ ಹಿಡಿದು, ತಾಲೂಕು ಕಚೇರಿಯ ಮೆಟ್ಟಿಲು ಸವೆಸಿ, ಕಂಬಗಳನ್ನು ತರಿಸಿದಳು. ಕಂಬ ನೆಟ್ಟರು. ತಂತಿ ಮುಂದಿನ ಕಂತಿನಲ್ಲಿ ಎಂದು ಅಧಿಕಾರಿ ಹೇಳಿದಾಗ ಅವಳು ಮೊದಲ ಬಾರಿ ಸಭೆಯಲ್ಲಿ ದನಿ ಎತ್ತಿದಳು. ಎಲ್ಲರೂ ತಲೆ ತಗ್ಗಿಸಿದರು. ಗುರುಬಸವರಾಜ ಕೂಡ, ಹೌದು, ಪಾಪ ಹಟ್ಟಿಯವರು ಎಂದ. ಆದರೆ ಅನುದಾನ ಕಮಾನಿಗೆ ಹೋಗಿಯಾಗಿತ್ತು, ಮುಂದಿನದು ಮಳೆಗಾಲಕ್ಕೆ.

ಹಟ್ಟಿಯವರು ಮಳೆಗಾಲಕ್ಕೆ ಕಾಯಲಿಲ್ಲ. ಹಡಗಲಿ ತಾಲೂಕಿನ ಮಾಗಳದ ಹತ್ತಿರ, ಹೊಳೆಯ ದಂಡೆಯಲ್ಲಿ, ಗಾದೆಮ್ಮನ ತವರಿನವರ ಹೊಲಗಳಿದ್ದವು. ಜಂಬಯ್ಯ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ, ಒಂದು ಹಗಲು, ಕುರಿ, ಕತ್ತೆ, ಗಡಿಗೆ, ಕಂಬಳಿ ಎಲ್ಲ ಕಟ್ಟಿಕೊಂಡು ಮನೆಗಳ ಬಾಗಿಲಿಗೆ ಮುಳ್ಳಿನ ಕಂಟಿ ಬಡಿದು ಹೊರಟರು. ಯಾರೂ ಅಳಲಿಲ್ಲ, ಯಾರೂ ಬೈಯಲಿಲ್ಲ. ಇಡೀ ಓಣಿ ಬಾಗಿಲಲ್ಲಿ ನಿಂತು ನೋಡಿತು. ಮಂದೆ ಹಾದುಹೋಗಲು ಬಹಳ ಹೊತ್ತು ಹಿಡಿಯಿತು.

ಎಲ್ಲರಿಗಿಂತ ಹಿಂದೆ ಬಂದ ಗಾದೆಮ್ಮ ಸುಮಲತಾಳ ಮನೆಯ ಮುಂದೆ ನಿಂತಳು. ಕೈಯಲ್ಲಿ ಒಂದು ಕಂದು ಬಣ್ಣದ ನಾಯಿಯ ಹಗ್ಗವಿತ್ತು. ಕುರಿ ಕಾಯುವ ನಾಯಿ, ಕೊರಳಿಗೆ ಮುಳ್ಳಿನ ಪಟ್ಟಿ. ಸುಮಲತಾ ಕಟ್ಟೆ ಇಳಿದು ಬಂದು, ಒಳಗೆ ಬಾ ಎಂದಳು.

"ಬರಂಗಿಲ್ರಿ, ಮಂದಿ ಮುಂದ ಹೋಗ್ಯಾರ." ಗಾದೆಮ್ಮ ಹಗ್ಗವನ್ನು ಅವಳ ಕೈಗೆ ಕೊಟ್ಟಳು. "ಇಷ್ಟು ದಿನ ನಡುವ ನಾವು ಇದ್ವಿ. ಇನ್ನ ಗುಡ್ಡ ಇಳಿದ್ರ ಮೊದ್ಲ ಸಿಗೋದು ನಿಮ್ಮ ಮನಿ. ಇದನ್ನ ಇಟ್ಕೊಳ್ರಿ. ಮನ್ಯಾಗ ಹೆಣ್ಣುಕೂಸು ಐತಿ."

ಅವಳ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಸುಮಲತಾ ಹುಡುಕಿದಳು. ಸಿಗಲಿಲ್ಲ. ಗಾದೆಮ್ಮ ನಾಯಿಯ ತಲೆ ಒಮ್ಮೆ ಸವರಿ, ಸೆರಗು ಬಿಗಿದುಕೊಂಡು, ಮಂದೆ ಎಬ್ಬಿಸಿದ ಧೂಳಿನ ಹಿಂದೆ ಹೋದಳು.

ಆ ಸಂಜೆ ಐದಕ್ಕೇ ಪ್ರವೀಣಕುಮಾರ ಅಂಗಡಿ ಮುಚ್ಚಿ ಬಂದ. ಬೆಲ್ಲ, ಎಣ್ಣೆ, ಬಾಳೆಹಣ್ಣನ್ನೆಲ್ಲ ಅಟ್ಟಕ್ಕೆ ಹಾಕಿ, ಹಿತ್ತಲ ಬಾಗಿಲಿಗೆ ಒಳಗಿನಿಂದ ಗೊಬ್ಬರದ ಚೀಲಗಳನ್ನು ಒಟ್ಟಿದ. ಅರ್ಚನಾ ನಡುಮನೆಯಲ್ಲಿ ದೀಪದ ಕೆಳಗೆ ಕೂತಳು. ನಾಯಿಯನ್ನು ಹಿತ್ತಲ ಕಲ್ಲುಕಂಬಕ್ಕೆ ಕಟ್ಟಿದ್ದರು. ಅದು ಖಾಲಿ ಹಟ್ಟಿಯ ಕಡೆ ಮುಖ ಮಾಡಿ ಬೊಗಳುತ್ತಲೇ ಇತ್ತು. ಸುಮಲತಾ ಅಡಿಗೆಮನೆಯ ಕಿಟಕಿಗೆ ಹೋದಳು. ಹಟ್ಟಿಯ ಮನೆಗಳು ಇನ್ನೂ ಕಾಣುತ್ತಿದ್ದವು, ತಂತಿಯಿಲ್ಲದ ಕಂಬಗಳೂ ಕಾಣುತ್ತಿದ್ದವು. ಬೊಮ್ಮಯ್ಯನ ಮನೆಗೆ ಬಡಿದಿದ್ದ ಮುಳ್ಳು ಪಕ್ಕಕ್ಕೆ ಬಿದ್ದಂತಿತ್ತು. ಗಾಳಿಗೆ ಬಿದ್ದಿರಬಹುದು ಎಂದುಕೊಂಡಳು. ಗಾಳಿ ಇರಲಿಲ್ಲ.

ನಾಯಿಯ ಬೊಗಳು ಒಮ್ಮೆಲೇ ನಿಂತಿತು. ಹಗ್ಗ ಬಿಗಿಯಾಗುವಷ್ಟು ಹಿಂದಕ್ಕೆ ಸರಿದು ಸರಿದು, ಅದು ಹಿತ್ತಲ ಬಾಗಿಲಿಗೆ ಮೈ ಒತ್ತಿ ನಿಂತದ್ದು ಒಳಗಿನಿಂದ ಗೊತ್ತಾಗುತ್ತಿತ್ತು. ಬಾಗಿಲ ಹಲಗೆ ಅದರ ನಡುಕಕ್ಕೆ ಸಣ್ಣಗೆ ಸದ್ದು ಮಾಡುತ್ತಿತ್ತು. ಒಳಗೆ ಬಿಟ್ಟುಕೊಳ್ಳೋಣ ಎಂದು ಅರ್ಚನಾ ಎದ್ದಳು. ಪ್ರವೀಣಕುಮಾರ ಕೈ ಅಡ್ಡ ಹಿಡಿದ. ಸುಮಲತಾ ಗಂಡನ ಕೈ ಸರಿಸಿ, ಚೀಲಗಳನ್ನು ಒಂದೊಂದಾಗಿ ಎಳೆದು, ಅಗಳಿ ತೆಗೆದು, ಕತ್ತಿಯಿಂದ ಹಗ್ಗ ಕೊಯ್ದು ನಾಯಿಯನ್ನು ಒಳಕ್ಕೆ ಎಳೆದುಕೊಂಡಳು. ಬಾಗಿಲು ಮತ್ತೆ ಮುಚ್ಚುವ ಆ ಒಂದು ಗಳಿಗೆಯಲ್ಲಿ ಹಿತ್ತಲ ಗೋಡೆಯ ಆಚೆ ಗೊರಗೊರ ಉಸಿರು ಕೇಳಿತು. ಓಡುವ ಸದ್ದಲ್ಲ. ನಿಂತು ಮೂಸುವ ಸದ್ದು.